ಹುಣಸೆಯ ಇದ್ದಿಲು, ಹಿತ್ತಾಳೆಯ ಚೆಂಬು

ಮೈಸೂರು ಶೈಲಿಯ ಹಳೆಯ ಚಿತ್ರಗಾರರು ತಮಗೆ ಬೇಕಾದ ಸಾಮಗ್ರಿಗಳನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಕುಂಚಕ್ಕೆ ಅಳಿಲಿನ ಕೂದಲು. ಬಣ್ಣಕ್ಕೆ ಖನಿಜ, ಸೊಪ್ಪು, ಹೂವು. ಮೊದಲ ಕರಡು ರೇಖೆಗೆ ಹುಣಸೆಯ ಇದ್ದಿಲು. ಹುಣಸೆಯ ನೆಟ್ಟನೆಯ ಕಡ್ಡಿಗಳನ್ನು ಆಯ್ದು, ಕಬ್ಬಿಣದ ಕೊಳವೆಯೊಳಗೆ ತುಂಬಿ, ಬೆಂಕಿಯಲ್ಲಿ ಬೇಯಿಸಿ ಅದನ್ನು ಪಡೆಯುತ್ತಿದ್ದರು. ಅದರಿಂದ ಎಳೆದ ಗೆರೆಗಳು ಮುಗಿದ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ದೇವತೆಯ ನಿಲುವನ್ನೂ ಪ್ರಭಾವಳಿಯ ವಿಸ್ತಾರವನ್ನೂ ಸೂಚಿಸಿ, ಬಣ್ಣ ಬಂದೊಡನೆ ಮರೆಯಾಗುವುದೇ ಇದ್ದಿಲಿನ ಪಾಲಿಗೆ ಬಂದ ಕೆಲಸವಾಗಿತ್ತು. ಅದೇ ಇದ್ದಿಲು ಮರೆಯಾಗದೆ ಹಾಳೆಯ ಮೇಲೆ ಉಳಿದು, ಎದುರಿಗಿರುವ ಒಂದು ಚೆಂಬನ್ನೋ ಮಡಕೆಯನ್ನೋ ಅದರ ಬೆಳಕು ನೆರಳುಗಳ ಸಹಿತ ಕಾಣಿಸುವುದು ಹೇಗೆ, ಅದನ್ನು ಕಲಿಯುವುದರಿಂದ ಆಗುವುದೇನು ಎಂಬುದು ನನ್ನ ಈ ಭಾಷಣದ ವಿಷಯ.

ಕಣ್ಣಿನ ವಿದ್ಯೆಯನ್ನು ಕಿವಿಯ ದಾರಿಯಿಂದ ಮುಟ್ಟಿಸಬೇಕಾದ ಇಕ್ಕಟ್ಟು ನನ್ನದು. ಕೇಳುಗರು ತಮ್ಮ ಮನೆಯ ಚೆಂಬೊಂದನ್ನು ಕಿಟಕಿಯ ಬಳಿ ಇಟ್ಟುಕೊಂಡು ಕೇಳಿದರೆ ನನ್ನ ಕಷ್ಟ ಅರ್ಧ ಕಡಿಮೆಯಾದೀತು.

ಗೌರಿಬಿದನೂರು, ಚಿಂತಾಮಣಿಗಳ ಕಡೆಯವರಿಗೆ ಹುಣಸೆಯ ಮರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ, ಮಳೆ ಬಂದರೂ ಬಾರದಿದ್ದರೂ ಅದು ನಿಂತೇ ಇರುತ್ತದೆ. ಪೆನ್ಸಿಲ್ಲಿನಷ್ಟು ದಪ್ಪದ ಕಡ್ಡಿಗಳನ್ನು ಕಡಿದು, ಸಿಪ್ಪೆ ಸುಲಿದು, ಚೆನ್ನಾಗಿ ಒಣಗಿಸಬೇಕು. ಮುಚ್ಚಳವಿರುವ ಹಳೆಯ ತಗಡಿನ ಡಬ್ಬಿಯಲ್ಲಿ ಅವನ್ನು ಒತ್ತಾಗಿ ಜೋಡಿಸಿ, ಮುಚ್ಚಳದಲ್ಲಿ ಒಂದು ಮೊಳೆಯ ತೂತು ಮಾತ್ರ ಬಿಟ್ಟು, ಬಯಲಿನಲ್ಲಿ ಹೂಡಿದ ಒಲೆಯ ಕೆಂಡದಲ್ಲಿ ಹೂಳಬೇಕು. ಮೊದಲು ಬಿಳಿಯ ಹಬೆ ಬರುತ್ತದೆ. ಅದು ಕಡ್ಡಿಯೊಳಗಿನ ನೀರು. ಆಮೇಲೆ ಹಳದಿ ಛಾಯೆಯ ದಟ್ಟ ಹೊಗೆ. ಅದಕ್ಕೆ ಕಿಡಿ ತಾಗಿದರೆ ತೂತಿನ ಬಾಯಲ್ಲಿ ದೀಪದಂತೆ ಉರಿಯುವುದೂ ಉಂಟು. ಹೊಗೆ ನಿಂತಿತೆಂದರೆ ಇದ್ದಿಲು ಆಯಿತು. ಇಷ್ಟಾದ ಮೇಲೆ ಬೇಕಾದದ್ದು ತಾಳ್ಮೆ. ಡಬ್ಬಿ ಪೂರ್ತಿ ಆರುವ ಮುನ್ನ ಮುಚ್ಚಳ ತೆಗೆದರೆ ಗಾಳಿ ನುಗ್ಗಿ, ಒಳಗಿನ ಕೆಂಡ ಮತ್ತೆ ಹೊತ್ತಿಕೊಂಡು ಎಲ್ಲವೂ ಬೂದಿ. ಇದ್ದಿಲಿಗೂ ಬೂದಿಗೂ ಇರುವ ಅಂತರ ಗಾಳಿಯೊಂದೇ. ನಮ್ಮ ಭಾಗದಲ್ಲಿ ತೆಲುಗು ಮನೆಮಾತಿನವರು ಇದಕ್ಕೆ ಬೊಗ್ಗು ಎನ್ನುತ್ತಾರೆ. ಎರಡು ಭಾಷೆಯಲ್ಲಿಯೂ ಅದು ಒಲೆಯ ಮಾತು, ಕಲೆಯ ಮಾತಲ್ಲ. ಅಂಗಡಿಯಲ್ಲಿ ಮಾರುವ ಇದ್ದಿಲ ಕಡ್ಡಿಗಳನ್ನು ನೀರಹಬ್ಬೆಯಂಥ ಮೃದುವಾದ ಮರದಿಂದಲೋ ಬಳ್ಳಿಯಿಂದಲೋ ಮಾಡಿರುತ್ತಾರೆ. ಅವು ಹೆಚ್ಚು ನುಣುಪು. ಹುಣಸೆಯದು ಕೊಂಚ ಗಡಸು. ಆದರೆ ಕಲಿಯುವವನ ಕೈಗೆ ಸ್ವಲ್ಪ ಗಡಸುತನ ಎದುರಾಗುವುದು ಒಳ್ಳೆಯದೇ.

ಇಂಥ ಚಿತ್ರಕ್ಕೆ ಫ್ರೆಂಚರು ಕೊಟ್ಟ ಹೆಸರಿನ ಅರ್ಥ ‘ಸತ್ತ ಪ್ರಕೃತಿ’ ಎಂದು. ಡಚ್ಚರು ಇಟ್ಟದ್ದು ‘ಸದ್ದಿಲ್ಲದ ಬಾಳು’ ಎನ್ನಬಹುದಾದ ಹೆಸರು. ನಮ್ಮ ಡ್ರಾಯಿಂಗ್ ಮೇಷ್ಟರುಗಳು ಸಾವಿನ ಗೊಡವೆಗೂ ಹೋಗದೆ, ಬಾಳಿನ ಗೊಡವೆಗೂ ಹೋಗದೆ, ‘ವಸ್ತುಚಿತ್ರ’ ಎಂದುಬಿಟ್ಟರು. ಲೋಯರ್, ಹೈಯರ್ ಎಂದು ಎರಡು ದರ್ಜೆಯ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆಲ್ಲ ಈ ಮಾತು ಪರಿಚಿತ. ಸ್ಟೂಲಿನ ಮೇಲೆ ಒಂದು ಬಕೆಟ್ಟು, ಪಕ್ಕದಲ್ಲಿ ಒಂದು ಚೆಂಬು, ಹಿಂದೆ ಮಡಿಸಿ ಇಳಿಬಿಟ್ಟ ಒಂದು ಬಟ್ಟೆ. ಸುತ್ತ ಕೂತ ಹುಡುಗ ಹುಡುಗಿಯರು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಿಟಕಿ ಎಡಗಡೆಯಿರಲಿ, ಬಲಗಡೆಯಿರಲಿ, ಬೆನ್ನ ಹಿಂದೆಯೇ ಇರಲಿ, ಹತ್ತರಲ್ಲಿ ಎಂಟು ಹಾಳೆಗಳ ಮೇಲೆ ಚೆಂಬಿನ ನೆರಳು ಬಲಗಡೆಯೇ ಬಿದ್ದಿರುತ್ತದೆ! ಮಾದರಿ ಪುಸ್ತಕದಲ್ಲಿ ಬಲಗಡೆ ಇತ್ತು. ಅಣ್ಣನ ಹಾಳೆಯಲ್ಲಿ ಬಲಗಡೆ ಇತ್ತು. ಆದ್ದರಿಂದ ಇಲ್ಲಿಯೂ ಬಲಗಡೆ. ಸೂರ್ಯನೇ ಎದುರಿಗೆ ಬಂದು ಸಾಕ್ಷಿ ನುಡಿದರೂ ಆ ನೆರಳು ಕದಲುವುದಿಲ್ಲ. ಮಗು ಬರೆದದ್ದು ಚೆಂಬನ್ನಲ್ಲ, ಚೆಂಬಿನ ಬಗೆಗೆ ತಾನು ಕೇಳಿ ತಿಳಿದದ್ದನ್ನು. ನನ್ನ ಮಾತೆಲ್ಲ ಈ ಒಂದು ತೊಡಕಿನ ಸುತ್ತಲೇ ಇದೆ.

ನೆರಳು ಬೆಳಕಿನ ಚಿತ್ರಣ ಪರದೇಶದ ಸರಕು, ನಮ್ಮದು ರೇಖೆಯ ಪರಂಪರೆ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮದರಾಸಿನಲ್ಲಿ ೧೮೫೦ರಲ್ಲಿ, ಕಲ್ಕತ್ತೆಯಲ್ಲಿ ೧೮೫೪ರಲ್ಲಿ, ಮುಂಬಯಿಯಲ್ಲಿ ೧೮೫೭ರಲ್ಲಿ ಕಲಾಶಾಲೆಗಳು ಹುಟ್ಟಿದ ಮೇಲೆಯೇ ಘನಾಕೃತಿ, ಶಂಕು, ಗೋಲಗಳನ್ನು ಎದುರಿಗಿಟ್ಟುಕೊಂಡು ಬರೆಯುವ ಶಿಸ್ತು ಈ ದೇಶದ ತರಗತಿಗೆ ಬಂದದ್ದು. ಆದರೆ ಛಾಯೆ ಅದಕ್ಕಿಂತ ಬಹಳ ಹಿಂದಿನದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ‘ವರ್ತನೆ’ ಎಂಬ ಹೆಸರಿನಲ್ಲಿ ಛಾಯೆ ಹಾಕುವ ಮೂರು ಬಗೆಗಳನ್ನು ಹೇಳಿದೆ: ಎಲೆಯ ನಾಳಗಳಂತೆ ಗೆರೆಗಳಿಂದ ತುಂಬುವ ಪತ್ರಜ, ನಯವಾಗಿ ಮಸೆದು ತುಂಬುವ ಐರಿಕ, ಚುಕ್ಕೆಗಳಿಂದ ತುಂಬುವ ಬಿಂದುಜ. ಆಚಾರ್ಯರು ಮೆಚ್ಚುವುದು ರೇಖೆಯನ್ನು, ವಿಚಕ್ಷಣರು ಮೆಚ್ಚುವುದು ವರ್ತನೆಯನ್ನು ಎಂಬ ಭಾವದ ಮಾತೂ ಅಲ್ಲಿದೆ. ಇಂದು ಇದ್ದಿಲು ಹಿಡಿದವನು ಮಾಡುವುದು ಈ ಮೂರರಲ್ಲಿ ಒಂದನ್ನೇ.

ಹಾಗಾದರೆ ಹೊರಗಿನಿಂದ ಬಂದದ್ದು ಯಾವುದು? ಬೀಳುನೆರಳು. ಅಜಂತೆಯ ಭಿತ್ತಿಗಳಲ್ಲಿ ಕೆನ್ನೆಗೆ ದುಂಡುತನವಿದೆ, ತೋಳಿಗೆ ತುಂಬುತನವಿದೆ. ಆದರೆ ಆ ದೇಹಗಳು ನೆಲದ ಮೇಲೆ ನೆರಳು ಚೆಲ್ಲುವುದಿಲ್ಲ. ಅಲ್ಲಿ ಛಾಯೆಯೆಂಬುದು ವಸ್ತುವಿನ ಗುಣ. ಮೈ ದುಂಡಗಿದೆ ಎಂಬುದನ್ನು ಸಾರುವ ಗುಣ. ವಸ್ತುಚಿತ್ರದಲ್ಲಿ ಛಾಯೆ ವಸ್ತುವಿನ ಗುಣವಲ್ಲ, ಸಂಬಂಧ. ಈ ಚೆಂಬು, ಈ ಕಿಟಕಿ, ಬೆಳಗಿನ ಈ ಹತ್ತು ಗಂಟೆ, ಇಲ್ಲಿ ಕೂತಿರುವ ನಾನು, ಇವು ನಾಲ್ಕೂ ಸೇರಿದಾಗ ಉಂಟಾಗುವ ಸಂಬಂಧ. ಒಂದು ಬದಲಾದರೂ ಚಿತ್ರ ಬೇರೆ.

ಮೊದಲ ಪಾಠಕ್ಕೆ ಸುಣ್ಣ ಬಳಿದ ಮಣ್ಣಿನ ಉಂಡೆ ಸಾಕು. ಒಂದೇ ಕಡೆಯಿಂದ ಬೆಳಕು ಬರುವಂತೆ ಇಡಬೇಕು. ಎರಡು ಕಿಟಕಿಯಿದ್ದರೆ ಒಂದನ್ನು ಮುಚ್ಚಬೇಕು. ಬೆಳಕಿಗೆ ನೇರವಾಗಿ ಮುಖಮಾಡಿದ ಜಾಗ ಅತ್ಯಂತ ಬೆಳಗಿರುತ್ತದೆ. ಅಲ್ಲಿಂದ ಮೈ ಓರೆಯಾದಂತೆಲ್ಲ ಬೆಳಕು ತೆಳುವಾಗುತ್ತದೆ. ಅದೇ ಬಿಸಿಲು ಹೆಚ್ಚು ಅಗಲಕ್ಕೆ ಹರಡಿಕೊಳ್ಳಬೇಕಾದುದರಿಂದ ಹೀಗೆ. ಸಂಜೆಯ ಓರೆಬಿಸಿಲು ನೆಲವನ್ನು ಮಧ್ಯಾಹ್ನದಷ್ಟು ಸುಡದಿರುವುದಕ್ಕೂ ಇದೊಂದು ಕಾರಣ. ಲ್ಯಾಂಬರ್ಟ್ ಎಂಬ ವಿದ್ವಾಂಸ ೧೭೬೦ರಲ್ಲಿ ಇದನ್ನು ಗಣಿತದ ಸೂತ್ರಕ್ಕೆ ಅಳವಡಿಸಿದ. ಉಂಡೆಯ ಮೈ ಬೆಳಕಿನಿಂದ ತಿರುಗಿಕೊಳ್ಳುವ ಎಡೆಯಲ್ಲಿ ಕಡುನೆರಳಿನ ಒಂದು ಪಟ್ಟಿ. ಅದನ್ನು ದಾಟಿ ಇನ್ನೂ ಆಚೆ, ಉಂಡೆಯ ಅಂಚಿನ ಬಳಿ, ನೆರಳು ಕೊಂಚ ತಿಳಿಯಾಗುತ್ತದೆ! ಅಂಚು ಅತ್ಯಂತ ಕಪ್ಪಾಗಿರಬೇಕೆಂದು ಬುದ್ಧಿ ಹೇಳುತ್ತದೆ, ಕಣ್ಣು ಇಲ್ಲವೆನ್ನುತ್ತದೆ. ಮೇಜಿಗೆ ಬಿದ್ದ ಬೆಳಕು ಪುಟಿದು ಉಂಡೆಯ ಬೆನ್ನನ್ನು ಮುಟ್ಟುತ್ತಿರುತ್ತದೆ. ಈ ಮರುಬೆಳಕನ್ನು ಕಂಡ ದಿನವೇ ಕಲಿಯುವವನಿಗೆ ನಿಜವಾದ ಅಕ್ಷರಾಭ್ಯಾಸ. ಆದರೆ ಕಂಡ ಹುರುಪಿನಲ್ಲಿ ಅದನ್ನು ಬಿಳಿಯಾಗಿ ಬಿಡುವುದೂ ಸಲ್ಲದು. ಮರುಬೆಳಕು ಎಷ್ಟೇ ಆದರೂ ನೆರಳಿನ ಕುಟುಂಬದ್ದು, ಬೆಳಕಿನ ಕಡೆಯ ಯಾವ ಛಾಯೆಗಿಂತಲೂ ಅದು ಮಂಕೇ.

ನಂದಿಯ ಸೀಮೆಯವರಿಗೆ ಸುಣ್ಣದ ಉಂಡೆಯೂ ಅಗತ್ಯವಿಲ್ಲವೇನೊ. ಬಯಲಿನ ನಡುವೆ ಗುಡ್ಡಗಳ ಮೈಮೇಲೆ ಕೂತ ಗುಂಡುಕಲ್ಲುಗಳನ್ನು ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ ನೋಡಿದರೆ ಸಾಕು. ನಾನು ಹೇಳಿದ್ದೆಲ್ಲ ಆನೆಗಾತ್ರದಲ್ಲಿ ಅಲ್ಲಿದೆ. ಮಧ್ಯಾಹ್ನ ಅವೇ ಕಲ್ಲುಗಳು ಚಪ್ಪಟೆ. ೧೯೩೮ರ ಧ್ವಜ ಸತ್ಯಾಗ್ರಹದ ಗೋಲಿಬಾರಿನಿಂದ ನಾಡಿಗೆಲ್ಲ ಪರಿಚಿತವಾದ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿನ ನಾಗರಕಲ್ಲುಗಳ ಸಾಲುಗಳನ್ನು ನೋಡಿರುತ್ತಾರೆ. ಕಂಡರಣೆಯ ಆಳ ಬೆರಳಿನಷ್ಟೂ ಇರುವುದಿಲ್ಲ. ಬಿಸಿಲು ನೆತ್ತಿಯ ಮೇಲಿದ್ದರೋ ಮೋಡ ಕವಿದಿದ್ದರೋ ಸುರುಳಿಗಳು ಕಲ್ಲಿನಲ್ಲಿ ಕರಗಿಹೋಗುತ್ತವೆ. ಬೆಳಕು ಪಕ್ಕದಿಂದ ಓರೆಯಾಗಿ ಬಂದರೆ ಹೆಡೆ ಮೇಲೇಳುತ್ತದೆ.

ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಕೆ. ವೆಂಕಟಪ್ಪನವರು ರೇಖೆಯ ಕುಲದವರು. ೧೯೬೫ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದ ಕೃತಿಗಳಲ್ಲಿ ಸುಣ್ಣಗಾರೆಯಂಥ ಬಿಳಿಯ ಪ್ಲಾಸ್ಟರಿನ ಉಬ್ಬುಚಿತ್ರಗಳೂ ಇವೆ. ಅವುಗಳಲ್ಲಿ ಬಣ್ಣವಿಲ್ಲ, ಎಳೆದ ಗೆರೆಯೂ ಇಲ್ಲ. ನಾವು ಗೆರೆಯೆಂದು ಭ್ರಮಿಸುವುದು ಬಿಳಿಯ ಮೇಲೆ ಬಿಳಿ ಚೆಲ್ಲಿದ ನೆರಳನ್ನು. ಇದ್ದಿಲು ಕಲಿಯುವವರು ಅವುಗಳ ಮುಂದೆ ಒಂದು ಗಂಟೆ ನಿಲ್ಲಬಹುದು.

ಇನ್ನು ಚೆಂಬು. ಅದರ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು. ಗೊತ್ತಿರುವುದರಿಂದಲೇ ತೊಂದರೆ. ಬಾಯಿ ಕಣ್ಣಿನ ಮಟ್ಟಕ್ಕೆ ಸರಿಯಾಗಿದ್ದರೆ ಕಾಣುವುದು ಬರಿಯ ಒಂದು ಗೆರೆ. ಚೆಂಬನ್ನು ಕೆಳಗಿಳಿಸಿದಂತೆ ಆ ಗೆರೆ ಬಿಚ್ಚಿಕೊಂಡು ಅಂಡಾಕಾರವಾಗುತ್ತದೆ. ನೆಲದ ಮೇಲಿಟ್ಟು ಬಗ್ಗಿ ನೋಡಿದರೆ ಮಾತ್ರ ಪೂರ್ಣವೃತ್ತ. ಹೀಗಾಗಿ ಒಂದೇ ಚೆಂಬಿನಲ್ಲಿ ಕಂಠದ ಬಳಿಯ ಸುತ್ತಿಗಿಂತ ತಳದ ಸುತ್ತು ಹೆಚ್ಚು ದುಂಡಾಗಿ ಕಾಣಬೇಕು. ಆದರೆ ಹೊಸಬರ ಹಾಳೆಯಲ್ಲಿ ಬಾಯಿ ಮಾತ್ರ ದುಂಡಗಿದ್ದು ತಳ ಅಡ್ಡಪಟ್ಟಿಯಿಂದ ಗೀಚಿದಂತೆ ನೇರವಾಗಿರುತ್ತದೆ. ‘ಮೇಜಿನ ಮೇಲೆ ಕೂತಿದೆಯಲ್ಲ ಸರ್, ತಳ ಚಪ್ಪಟೆ ಇರಬೇಡವೆ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಬಾಯಲ್ಲಿ ಹೇಳುವುದಲ್ಲ; ಗಾರೆ ಕೆಲಸದವರ ತೂಗುಗುಂಡಿನ ದಾರವನ್ನು ಎದುರಿಗೆ ಹಿಡಿಸಿ, ಕೈ ನೀಡಿ ಪೆನ್ಸಿಲ್ಲಿನಿಂದ ಅಳತೆ ಮಾಡಿಸಿ, ಅವರ ಕಣ್ಣಿನಿಂದಲೇ ಹೇಳಿಸಬೇಕು. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ವಿಜ್ಞಾನ. ಚೆಂಬಿನ ತಳವನ್ನು ಹತ್ತು ಸಲ ಅಳಿಸಿ ಬರೆಯುವ ಹುಡುಗಿ ಮಾಡುತ್ತಿರುವುದೂ ಅದೇ ಕೆಲಸವೆಂದು ನನ್ನ ಎಣಿಕೆ.

ಮಣ್ಣಿನ ಮಡಕೆ ಸಾಧು. ಅದರ ಮೈಮೇಲೆ ಬೆಳಕು ಮೆಲ್ಲಮೆಲ್ಲನೆ ಇಳಿಯುತ್ತದೆ. ಬೆಳಗಿದ ಹಿತ್ತಾಳೆ ಹಾಗಲ್ಲ. ಅದು ಸುತ್ತಲಿನದನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. ಕಿಟಕಿ ಬಾಗಿ ಒಂದು ಬಿಳಿಯ ಬಾಳೆಲೆಯಾಗುತ್ತದೆ. ಬರೆಯುವವನ ಕಪ್ಪು ತಲೆ ಹೊಟ್ಟೆಯ ನಡುವೆ ಒಂದು ಮಚ್ಚೆಯಾಗುತ್ತದೆ. ಅತ್ಯಂತ ಕಪ್ಪು ಇರುವುದು ಅತ್ಯಂತ ಬಿಳಿಯ ಪಕ್ಕದಲ್ಲಿಯೇ, ನಡುವೆ ಸಂಕೋಚವೇ ಇಲ್ಲದೆ. ಹಿತ್ತಾಳೆ ಹೊಳೆಯುತ್ತದೆಂದು ಮೈಯೆಲ್ಲ ತಿಳಿಯಾಗಿ ಬಿಟ್ಟರೆ ಅದು ಹೊಳೆಯುವುದಿಲ್ಲ. ಹೊಳಪು ಬರುವುದು ಕಪ್ಪಿನಿಂದ.

ಈ ಕಪ್ಪಿನ ಮೆಟ್ಟಿಲುಗಳಿಗೆ ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಹುಡುಕಬೇಕಾದ ಕಷ್ಟ ಕನ್ನಡದವರಿಗಿಲ್ಲ. ತಿಳಿ, ಎಳೆ, ನಸು, ಕಡು ಎಂಬ ಪುಟ್ಟ ಪುಟ್ಟ ಮಾತುಗಳನ್ನು ಮುಂದೆ ಇಟ್ಟರಾಯಿತು. ಮಸುಕು, ಮಂಕು, ಮಬ್ಬು ಇವು ಮೂರೂ ಒಂದೇ ಅಲ್ಲ; ಹಳ್ಳಿಯ ಅಜ್ಜಿಗೂ ಆ ಭೇದ ಗೊತ್ತು. ಕಗ್ಗತ್ತಲೆಯೆಂಬ ಮಾತಿನಲ್ಲಂತೂ ಇದ್ದಿಲನ್ನು ಒತ್ತಿ ತೀಡಿದ ಸದ್ದೇ ಇದೆ. ಐದು ಮೆಟ್ಟಿಲು ಸಾಕು. ಅವನ್ನು ಕಾಣಲು ಕಣ್ಣನ್ನು ಅರೆಮುಚ್ಚಿ ನೋಡುವುದೇ ಉಪಾಯ. ಆಗ ಚೆಂಬಿನ ಮೇಲಿನ ಹೂಬಳ್ಳಿ, ಗೀರು, ತಗ್ಗು ಎಲ್ಲ ಅಳಿಸಿ ದೊಡ್ಡ ನೆರಳು ದೊಡ್ಡ ಬೆಳಕುಗಳಷ್ಟೇ ಉಳಿಯುತ್ತವೆ.

ಶಿಡ್ಲಘಟ್ಟದ ಕಡೆಯವರಿಗೆ ಇನ್ನೊಂದು ಪಾಠ ಹೇಳಬೇಕು. ಒಂದು ಹಿಡಿ ರೇಷ್ಮೆಗೂಡನ್ನು ಬಿಳಿಯ ಪಂಚೆಯ ಮೇಲೆ ಹರಡಿ. ದ್ವಿತಳಿಯ ಬಿಳಿಗೂಡಾದರೆ ಬಿಳಿಯ ಮೇಲೆ ಬಿಳಿ. ಗೂಡಿನ ಸುತ್ತ ನವಿರಾದ ನಾರು ಇರುವುದರಿಂದ ಅಂಚು ಖಚಿತವಾಗಿ ಸಿಕ್ಕುವುದಿಲ್ಲ. ಗೆರೆ ಎಳೆದಿರೋ ಗೂಡು ಕಲ್ಲಾಗುತ್ತದೆ. ಹಿಂದಿನ ಪಂಚೆಯ ನೆರಳನ್ನು ತುಸು ಕಪ್ಪಾಗಿಸಿ, ಗೂಡನ್ನು ಮುಟ್ಟದೆಯೇ ಅದನ್ನು ಹೊರತರಬೇಕು. ಮಿಶ್ರತಳಿಯ ಹಳದಿಗೂಡು ಎರಡನ್ನು ಅದರ ಪಕ್ಕದಲ್ಲಿಟ್ಟರೆ ಪರೀಕ್ಷೆ ಮತ್ತಷ್ಟು ಕಠಿಣ, ಏಕೆಂದರೆ ಇದ್ದಿಲಿಗೆ ಹಳದಿ ಗೊತ್ತಿಲ್ಲ. ಆ ಹಳದಿ ಬಿಳಿಗಿಂತ ಎಷ್ಟು ಮಂಕು ಎಂಬುದಷ್ಟೇ ಅದು ಕೇಳುವ ಪ್ರಶ್ನೆ. ಗೂಡನ್ನು ಮುಟ್ಟಿ ನೋಡಿಯೇ ಗುಣ ಹೇಳುವ ರೈತರ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಶಾರ್ದಾಂ ಎಂಬ ಚಿತ್ರಕಾರನಿದ್ದ (೧೬೯೯–೧೭೭೯). ಯುದ್ಧ, ಪುರಾಣಗಳಿಗೆ ಮೊದಲ ಮಣೆ ಹಾಕುತ್ತಿದ್ದ ಕಾಲದಲ್ಲಿ ಅವನು ಅಡಿಗೆಮನೆಯ ತಾಮ್ರದ ನೀರಿನ ಹಂಡೆಯನ್ನು ಬರೆದ. ಆ ಚಿತ್ರ ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿದೆ. ನಮ್ಮ ಬಚ್ಚಲುಮನೆಯ ಹಂಡೆಗಳಿಗೆ ಅಂಥ ಭಾಗ್ಯ ಬರಲಿಲ್ಲ. ಅವು ಹೆಚ್ಚಿನವು ತೂಕಕ್ಕೆ ಹೋದವು.

ನಮ್ಮವರೆಲ್ಲ ಬಲ್ಲ ನಿದರ್ಶನವೊಂದು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಅಂಗೈಯನ್ನು ಅದಕ್ಕೆ ಮರೆಮಾಡಿ ನಿಂತ ತರುಣಿಯ ಚಿತ್ರ. ರವಿವರ್ಮನದೆಂದು ಬಹಳ ಮಂದಿ ಎಣಿಸಿದ್ದಾರೆ. ಅಲ್ಲ, ಅದು ಎಸ್. ಎಲ್. ಹಲ್ದಂಕರ್ ಅವರದು, ೧೯೪೫–೪೬ರ ಸುಮಾರಿನದು, ತೈಲವರ್ಣವಲ್ಲ ಜಲವರ್ಣ. ದೀಪ ಉರಿಯುತ್ತಿದೆಯೆಂದು ನಾವು ಪ್ರಮಾಣ ಮಾಡಬಲ್ಲೆವು. ಆದರೆ ಆ ಹಾಳೆಯಲ್ಲಿ ಹಾಳೆಯ ಬಿಳುಪಿಗಿಂತ ಹೆಚ್ಚಿನ ಬೆಳಕು ಎಲ್ಲಿಂದ ಬರಬೇಕು? ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಹಾಳೆ, ಇದ್ದಿಲಿನಲ್ಲಿಯೂ ಅಷ್ಟೆ. ಸುತ್ತಲಿನ ಕತ್ತಲನ್ನು ಅಳೆದು ಅಳೆದು ಇಟ್ಟುದರಿಂದ ಆ ಹಾಳೆ ಉರಿಯುತ್ತಿದೆ.

ಈಗ ಎಲ್ಲರ ಕೈಯಲ್ಲಿ ಮೊಬೈಲು ಇದೆ; ಚೆಂಬಿನ ಫೋಟೊ ತೆಗೆದು, ಅದನ್ನು ನೋಡಿಕೊಂಡು ಬರೆದರಾಗದೆ ಎಂದು ಕೇಳುವವರುಂಟು. ಬರೆಯಬಹುದು, ಚಿತ್ರ ಬೇಗ ಮುಗಿಯುತ್ತದೆ. ಆದರೆ ಕಲಿಯುವ ಕೆಲಸವನ್ನು ಯಂತ್ರ ಆಗಲೇ ಮಾಡಿ ಮುಗಿಸಿರುತ್ತದೆ. ಉಬ್ಬಿದ್ದನ್ನು ಚಪ್ಪಟೆ ಮಾಡುವುದು, ಎರಡು ಕಣ್ಣು ಕಂಡದ್ದನ್ನು ಒಂದಾಗಿಸುವುದು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು, ಇವೇ ಅಲ್ಲವೆ ಕಷ್ಟಗಳು? ಮೇಲಾಗಿ ಫೋಟೊದಲ್ಲಿ ನೆರಳಿನ ಒಳಗು ಎಷ್ಟೋ ಸಲ ಬರಿಯ ಕಪ್ಪಾಗಿಬಿಡುತ್ತದೆ. ಕಣ್ಣಾದರೋ ನೆರಳಿನೊಳಕ್ಕೆ ಹೊಕ್ಕು, ಹೊಂದಿಕೊಂಡು, ಅಲ್ಲಿಯೂ ಹಿತ್ತಾಳೆಯ ಮೈಯನ್ನು ತಡವುತ್ತದೆ. ಫೋಟೊ ನೋಡಿ ಬರೆದ ಚಿತ್ರಗಳು ದೂರದಿಂದಲೇ ಗೊತ್ತಾಗುವುದು ಆ ಸತ್ತ ಕಪ್ಪಿನಿಂದ. ಮಾದರಿ ಪುಸ್ತಕದ ಬಲಗಡೆಯ ನೆರಳು ಹೊಸ ವೇಷದಲ್ಲಿ ಬಂದಿದೆ ಎಂದೇ ನನಗೆ ತೋರುತ್ತದೆ.

ಕೊನೆಗೆ ಒಂದೆರಡು ಕೈಕೆಲಸದ ಮಾತು. ಹಾಳೆ ತುಸು ಒರಟಾಗಿರಲಿ. ನುಣುಪು ಹಾಳೆಯ ಮೇಲೆ ಇದ್ದಿಲು ನಿಲ್ಲದು. ಮೊದಲ ಒಂದು ವರ್ಷ ಬೆರಳಿನಿಂದ ತಿಕ್ಕಬಾರದು. ಬೆರಳಿನ ಜಿಡ್ಡು ಹಾಳೆಗೆ ಹತ್ತಿದರೆ ಆ ಕಲೆ ಹೋಗುವುದಿಲ್ಲ ಎಂಬುದೊಂದು. ತಿಕ್ಕಿದೊಡನೆ ಎಲ್ಲವೂ ಹೊಗೆಯಂತೆ ನಯವಾಗಿ, ನೋಡದೆಯೇ ನೋಡಿದಂತೆ ತೋರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬೆಳಕನ್ನು ಮರಳಿ ಪಡೆಯಲು ಯುರೋಪಿನವರು ಬ್ರೆಡ್ಡಿನ ತಿರುಳನ್ನು ಉಂಡೆಮಾಡಿ ಒತ್ತುತ್ತಿದ್ದರು. ನಮ್ಮ ರಾಗಿಮುದ್ದೆಯಿಂದ ಆ ಉಪಕಾರ ಸಾಧ್ಯವಿಲ್ಲ. ಅದಕ್ಕೆ ಬೇರೆ ಕೆಲಸವಿದೆ. ಮುಗಿದ ಚಿತ್ರ ಉದುರದಂತೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತುಂತುರಾಗಿ ಊದುವುದು ಹಳೆಯ ಕ್ರಮ. ವ್ಯಾನ್ ಗೋ ತನ್ನ ಪೆನ್ಸಿಲ್ ಚಿತ್ರಗಳಿಗೆ ಹಾಲನ್ನು ಬಳಸುತ್ತಿದ್ದ.

ಒಂದು ಚೆಂಬಿಗೆ ಒಂದು ದಿನ ಸಾಲುವುದಿಲ್ಲ. ಹತ್ತು ಗಂಟೆಗೆ ತೊಡಗಿದರೆ ಹನ್ನೊಂದರ ಹೊತ್ತಿಗೆ ನೆರಳು ಸರಿದಿರುತ್ತದೆ. ಸರಿದ ನೆರಳನ್ನು ಬೆನ್ನಟ್ಟದೆ ಇದ್ದಿಲನ್ನು ಕೆಳಗಿಡಬೇಕು. ಚೆಂಬಿನ ತಳದ ಸುತ್ತ ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ತಾನು ಕೂತ ಸ್ಟೂಲಿನ ಕಾಲುಗಳ ಸುತ್ತ ನೆಲದ ಮೇಲೆ ನಾಲ್ಕು ಗೆರೆ ಎಳೆದು, ಸಂಜೆ ನೀರು ತುಂಬಲು ಇದನ್ನು ಮಾತ್ರ ತೆಗೆಯಬೇಡಿರೆಂದು ಮನೆಯವರಲ್ಲಿ ಬೇಡಿಕೊಂಡು ಎದ್ದರೆ, ಮೋಡವಿಲ್ಲದಿದ್ದಲ್ಲಿ ಮಾರನೆಯ ದಿನ ಹತ್ತಕ್ಕೆ ಅದೇ ಬೆಳಕು ಅದೇ ಕಿಟಕಿಗೆ ಬರುತ್ತದೆ.